ನಾಳೆಗೆ ಹೆಪ್ಪು

ಎದುರಿಗೆ ಗಾಜಿನ ಅಂಗಡಿ ಏಳುತ್ತಿದೆ.
ಸೋಮವಾರದಿಂದ ಅಲ್ಲೂ ರೊಟ್ಟಿಯಂತೆ,
ಅರ್ಧ ಬೆಲೆಗೆ.

ತ್ಬಿಲಿಸಿಯ ನೆಲಮಾಳಿಗೆಯಲ್ಲಿ ಲಾಮಾರಾ
ಹಿಟ್ಟಿನ ಚೀಲದ ಮೇಲೇ ಬರೆದು ಕೂಡಿಸುತ್ತಾಳೆ:
ಬಾಡಿಗೆ, ಸೌದೆ, ಝುರಾನ ಕೂಲಿ.
ಎಷ್ಟು ಸಲ ಕೂಡಿಸಿದರೂ
ಚಳಿಗಾಲ ದಾಟುವುದಿಲ್ಲ.

ನಾಲ್ಕು ಗಂಟೆ.
ಒಲೆಯ ಬಾಯೊಳಗೆ ಸೊಂಟದವರೆಗೂ ಬಗ್ಗಿ
ಕಾದ ಗೋಡೆಗೆ ನಾದಿದ ಹಿಟ್ಟು ಬಡಿಯುತ್ತಾಳೆ.
ಒಂದು ಜಾರಿ ಬೂದಿಗೆ ಬಿತ್ತು.
ಬೀಳಲಿ. ಮೂವತ್ತು ವರ್ಷ
ದಿನಕ್ಕೊಂದು ಬಿದ್ದೇ ಇದೆ.

ಮೊದಲ ಗಿರಾಕಿಗಳು
ಆ ಗಾಜಿನಂಗಡಿಗೆ ಬಣ್ಣ ಬಳಿಯುವವರು.
ಬಿಸಿ ತಾಳದೆ ಕೈಯಿಂದ ಕೈಗೆ ರೊಟ್ಟಿ ಹಾರಿಸುತ್ತಾ
ನಿಂತಲ್ಲೇ ಮುಗಿಸಿದರು.
ಅವಳಿಗೆ ನಗು ಬಂತು, ಯಾಕೋ.

ಕದ ಹಾಕುವ ಮುಂಚೆ
ಎಂದಿನಂತೆ ಒಂದು ಮುಷ್ಟಿ ಹಿಟ್ಟು ಮುರಿದು
ಒದ್ದೆ ಬಟ್ಟೆ ಹೊದಿಸಿದಳು.
ದೀಪ ಆರಿಸಿ, ಮೆಟ್ಟಿಲು ಹತ್ತಿ,
ಮತ್ತೆ ಇಳಿದು ಬಂದು
ಇನ್ನೊಂದು ಮುಷ್ಟಿ ಸೇರಿಸಿದಳು.