ಗೊರಗುಂಟೆಪಾಳ್ಯದ ಕೆಂಪು

ಮೊದಲು ಮುಖ ತೊಳೆಸಿದರು.
ಮೂರು ಸಲ ಒರೆಸಿದ ಹತ್ತಿ ಮೂರು ಸಲವೂ ಕಪ್ಪು.
"ಏನ್ರೀ ಇದು?" ಎಂದಳು ಜಾನ್ಸಿ ಸಿಸ್ಟರ್.
ತುಮಕೂರು ರಸ್ತೆ, ಎಂದೆ.
ಎಂಟು ತಾಸಿನ ಲಾರಿ ಹೊಗೆ, ಮೇಲ್ಸೇತುವೆಯ ದೂಳು,
ಮಾಸ್ಕಿನೊಳಗೆ ನನ್ನದೇ ಉಸಿರಿನ ಬೆವರು.
ಮೊಡವೆ ಎದ್ದದ್ದೂ ಮಾಸ್ಕಿನ ಅಂಚು ಎಳೆದ ಗೆರೆಯಲ್ಲೇ,
ಗದ್ದದುದ್ದಕ್ಕೂ, ಬ್ಯಾರಿಕೇಡು ಇಟ್ಟ ಹಾಗೆ.

ಹದಿನಾರಕ್ಕೆ ಬರಬೇಕಾದದ್ದು
ವಿಳಾಸ ತಪ್ಪಿ ಅಲೆದು ಅಲೆದು
ಇಪ್ಪತ್ತಾರಕ್ಕೆ ಯಶವಂತಪುರದ ಪಿ.ಜಿ.ಗೆ ಬಂದು ಬಾಗಿಲು ಬಡಿದಿದೆ.
ಫೋನಿನಲ್ಲಿ ಅವ್ವ:
"ಬೇವಿನ ತೊಪ್ಪಲಾ ಅರದು ಹಚ್ಚಿದ್ರ ಹೋಗ್ತಿತ್ತಲ್ಲವಾ,
ಬೆಳಕಿಗೆ ಯಾರರ ರೊಕ್ಕಾ ಕೊಡ್ತಾರೇನು?"
ಕೊಡ್ತಾರವ್ವಾ. ಇಲ್ಲಿ ನೀರಿಗೂ ಕೊಡ್ತಾರೆ,
ಕಾರು ನಿಲ್ಲಿಸುವ ನೆರಳಿಗೂ.

ಡಾಕ್ಟರು ಚೀಟಿಯ ಬೆನ್ನಿಗೆ ಚರ್ಮದ ಚಿತ್ರ ಬರೆದರು,
ಕೂದಲ ಬುಡದಲ್ಲೊಂದು ಎಣ್ಣೆಯ ಗೂಡು.
ಹಚ್ಚುವ ದ್ರಾವಣ ಅಲ್ಲಿಗೆ ಹೋಗಿ ಕೂರುತ್ತದೆ.
ಸುಮ್ಮನೆ. ಬೆಳಕು ಬಿದ್ದರೆ ಮಾತ್ರ ಅದಕ್ಕೆ ಸಿಟ್ಟು.
ಅರ್ಥವಾಯಿತು. ನಮ್ಮ ಠಾಣೆಯಲ್ಲೂ ಅಂಥವರಿದ್ದಾರೆ.
"ನೀಲಿ ದೀಪವೂ ಉಂಟು ನೀಲವ್ವಾ, ಆದರೆ ನಿಮ್ಮದು ಆಳ.
ಕೆಂಪೇ ಬೇಕು."

ಒಂದು ಗಂಟೆ ಕತ್ತಲ ಕೋಣೆ.
ಪರದೆಯಾಚೆ ಮಲ್ಲೇಶ್ವರ ಸೌತೆಕಾಯಿ ಹೆಚ್ಚುತ್ತಿತ್ತು.
ಪಕ್ಕದ ಕುರ್ಚಿಯಲ್ಲಿ ಇನ್ನೊಂದು ಮೆತ್ತಿದ ಮುಖ,
ಒಡೆದು ಇನ್ನೂ ಕೂಡದ ಹುಡುಗನ ದನಿ:
"ಅಕ್ಕಾ, ತುಂಬಾ ಉರಿಯುತ್ತಾ?"
ಗೊತ್ತಿಲ್ಲಪ್ಪ, ನನಗೂ ಮೊದಲನೆಯದು.
ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ದನಿ ಎಲ್ಲೋ ಕೇಳಿದೀನಿ.
'ಸೈಡಿಗೆ ಹಾಕು, ಕೀ ಕೊಡು', ಒಂದ್ಸಲ ಹೇಳಿ?"
ಹೇಳಲಿಲ್ಲ. ನಗು ಬಂದು ಕೆನ್ನೆಯ ಪೊರೆ ಚುರ್ರೆಂದಿತು.
ಐನೂರು ಕಟ್ಟಿದ್ದನಂತೆ, ಹೆಲ್ಮೆಟ್ಟಿಲ್ಲದ್ದಕ್ಕೆ.
ಹಾಕಿದರೆ ಹಣೆಯ ಮೊಡವೆ ಒಡೆಯುತ್ತಿತ್ತಂತೆ.
ಅವತ್ತೇ ಹೇಳಿದ್ದರೆ ನಂಬುತ್ತಿದ್ದೆನೇ?
ಇಲ್ಲ.

ಆಮೇಲೆ ಕಣ್ಣಿಗೆ ಎರಡು ಕಪ್ಪು ಚಿಪ್ಪು.
ದೀಪ ಹತ್ತಿತು.
ಮುಚ್ಚಿದ ರೆಪ್ಪೆಯೊಳಗೂ ಕೆಂಪು.
ಕೆಂಪಿಗೆ ನಿಲ್ಲದವರನ್ನು ಐದು ವರ್ಷ ಹಿಡಿದವಳು
ಅದರ ಕೆಳಗೆ ಅಂಗಾತ, ಅಲುಗದೆ.
ಹದಿನಾರು ನಿಮಿಷ.
ನಮ್ಮ ಲೆಕ್ಕದಲ್ಲಿ ಹತ್ತು ಸಿಗ್ನಲ್ಲು ಚಿಲ್ಲರೆ.
ಮೊದಲನೆಯದಕ್ಕೆ ಬಿಸಿ.
ಮೂರಕ್ಕೆ, ಮೆಣಸಿನಕಾಯಿ ಕುಟ್ಟಿದ ಕೈಯಲ್ಲಿ ಯಾರೋ ಮುಖ ಸವರಿದರು.
ಐದಕ್ಕೆ ಎದ್ದುಬಿಡೋಣ ಅನ್ನಿಸಿತು, ಹಿಂದೆ ಸಾಲುಗಟ್ಟಿ ಹಾರ್ನು.
"ಫ್ಯಾನ್ ಜೋರು ಮಾಡಲಾ?" ಜಾನ್ಸಿ.
ಏಳಕ್ಕೆ ಅಳು. ಚಿಪ್ಪಿನೊಳಗೇ ಇಂಗಿತು.
ಎಂಟು, ಒಂಬತ್ತು ನೆನಪಿಲ್ಲ.

ಎರಡು ದಿನ ಬಿಸಿಲು ತಾಗಬಾರದೆಂದು ಚೀಟಿ.
ಇನ್ಸ್‌ಪೆಕ್ಟರು ಓದಿದರು, ತಿರುಗಿಸಿ ಚರ್ಮದ ಚಿತ್ರ ನೋಡಿದರು.
"ಟ್ರಾಫಿಕ್ಕಿನವಳಿಗೆ ಬಿಸಿಲಾಗದಂತೆ.
ನಾಳೆ ಮೀನು ನೀರೊಲ್ಲೆ ಅನ್ನುತ್ತೆ."
ಸಹಿ ಮಾತ್ರ ಹಾಕಿದರು.

ಕಿಟಕಿಗೆ ಇಲಾಖೆಯ ರೇನ್‌ಕೋಟು ಕಟ್ಟಿದೆ.
ಅದರ ತೂತಿನಿಂದ ಇಳಿದ ಒಂದು ಕಾಸಗಲ ಬಿಸಿಲು
ಗೋಡೆ, ಕ್ಯಾಲೆಂಡರು, ಬೂಟು, ಹಾಸಿಗೆಯ ಕಾಲು ಎಂದು
ದಿನವಿಡೀ ಗಸ್ತು ತಿರುಗಿತು.
ಬಂದ ಕಡೆಯಿಂದೆಲ್ಲ ಸರಿದು ಕೂತೆ.
ಬಿಸಿಲನ್ನು ಇಷ್ಟು ಗಮನವಿಟ್ಟು ನೋಡಿದ್ದೇ ಇಲ್ಲ.
ವೃತ್ತದಲ್ಲಿ ಅದು ತಲೆಯ ಮೇಲಿರುತ್ತಿತ್ತು, ಅಷ್ಟೆ.

ಮೂರನೆಯ ದಿನ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಎದ್ದಿತು ಚರ್ಮ.
ಹೋದವು ಎಂದರೆ ಹೋದವು.
ಎಡಗದ್ದದ ಎರಡು ಇನ್ನೂ ಧರಣಿ ಕೂತಿವೆ.
ಇನ್ನೆರಡು ಸಲ ಬರಬೇಕು ಎಂದಿದ್ದಾಳೆ ಜಾನ್ಸಿ.

ಹುಡುಗನ ಮುಖ ನಾನು ನೋಡಿಲ್ಲ.
ಈಗ ಕೆಂಪು ಬಿದ್ದಾಗಲೆಲ್ಲ
ಹೆಲ್ಮೆಟ್ಟುಗಳ ಗಾಜಿನೊಳಗೆ ಸಿಪ್ಪೆ ಏಳುವ ಗದ್ದ ಹುಡುಕುತ್ತೇನೆ.
ಎಷ್ಟೊಂದು ಜನರಿಗಿದೆ ಮಾರಾಯ್ರೇ, ಯಾರೂ ಹೇಳುವುದಿಲ್ಲ.

ನೆರಳಿದ್ದಲ್ಲಿ ನಿಲ್ಲಿ ಎಂದಿದ್ದರು ಡಾಕ್ಟರು.
ಗೊರಗುಂಟೆಪಾಳ್ಯದಲ್ಲಿ ನೆರಳೆಂದರೆ
ಸಿಮೆಂಟು ಲಾರಿಯೊಂದು ನಿಂತಿರುವಷ್ಟು ಹೊತ್ತು.
ತೊಂಬತ್ತು ಸೆಕೆಂಡು.
ನಿಲ್ಲುತ್ತೇನೆ.