ಡಬ್ಬಿಂಗ್

ಒಟ್ಟು ಮೂರು ಸಾವಿರದ ನಾನೂರು.
ಲೆನ್ಸಿನ ಬಾಡಿಗೆ ಹೋಗಿ
ಉಳಿದದ್ದು ಗೋಳಿಬಜೆಗೆ.

ರಿಫ್ಲೆಕ್ಟರ್ ಅಂದರೆ ಮೀನಿನ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ.
ಟ್ರಾಲಿ ಅಂದರೆ ದಕ್ಕೆಯಲ್ಲಿ ಐಸ್ ಹೊರುವ ಕೈಗಾಡಿ,
ಒಂದು ಚಕ್ರ ಕುಂಟು.
ಅದರ ಮೇಲೆ ಮಂಡಿಯೂರಿ ಕ್ಯಾಮೆರಾ ಹಿಡಿದ ಮೆಲ್‌ರಾಯ್;
ತಳ್ಳುವವನು ನಾನು, ನಿರ್ದೇಶಕ.

ದೋಣಿ ಸಮೇತ ಮರಳದ ಗಂಡನನ್ನು
ಅಳಿವೆಗೆ ಮುಖ ಮಾಡಿ ಕರೆಯಬೇಕಿತ್ತು ವಾರಿಜಕ್ಕ,
ಮೂರು ರಾತ್ರಿ ಕೂತು ನಾನು ಬರೆದ ಎಂಟು ಸಾಲು.
ಬಾಯಿ ತೆರೆದರು.
ಹಿಂದಿನ ಶೆಡ್ಡಿನಲ್ಲಿ
ಐಸ್ ಪುಡಿ ಮಾಡುವ ಮೆಷಿನ್ ಶುರುವಾಯಿತು.

ಬಿಸಿಲು ಇಳಿದಿತ್ತು, ಇನ್ನೊಂದು ಟೇಕಿಗೆ ಬೆಳಕಿಲ್ಲ.

ಮೆಲ್‌ರಾಯ್ ಮನೆಯಲ್ಲಿ ಎರಡು ಕಂಬಳಿ ಹೊದ್ದು
ಮೈಕಿನ ಮುಂದೆ ಬೆವರುತ್ತ
ತನ್ನದೇ ತುಟಿ ನೋಡಿ ನಕ್ಕರು ವಾರಿಜಕ್ಕ:
"ನಿನ್ನ ಮಾತು ನಾನೆಲ್ಲಿ ಹೇಳಿದ್ದೇನೆ ಮಾರಾಯ?
ಮರೆತೇ ಹೋಗಿತ್ತು.
ಬಂಗುಡೆಯ ರೇಟು ಹೇಳಿದ್ದು.
ಮತ್ತೆ ಆ ಮೆಷಿನಿನವನಿಗೆ ಬೈದದ್ದು."

ಹಾಗೇ ಬಿಟ್ಟೆವು.
ಅಲುಗುವ ತುಟಿ, ಐಸಿನ ಗರಗರ, ನೀರು.

ಕಾಲೇಜಿನ ಹಾಲಿನಲ್ಲಿ, ಕತ್ತಲೆಯಲ್ಲಿ,
ಹಿಂದಿನ ಸಾಲಿನ ಯಾರೋ ಮೂಗೆಳೆದುಕೊಂಡರು.
ವಾರಿಜಕ್ಕ ನನ್ನ ತೋಳು ಚಿವುಟಿ ಪಿಸುಗುಟ್ಟಿದರು:
"ಆವತ್ತು ಕೇಜಿಗೆ
ಇನ್ನೂರ ನಲ್ವತ್ತು."