ಊಟದ ಜೊತೆಗೆ

ಮುಳ್ಳು ಚುಚ್ಚಿದ್ದು ಯಾವತ್ತು ಅಂದರೆ
ವೊಲಸೋವಾಗೆ ನೆನಪಿಲ್ಲ.
ಮೂವತ್ತು ವರ್ಷ ಮಂಡ್ರಾರೆ ನದಿಯಾಚೆ
ದಾರ ಹಿಡಿದು ನೆಟ್ಟಂಥ ಕತ್ತಾಳೆ ಸಾಲುಗಳಲ್ಲಿ
ಎಲೆ ಕೊಯ್ದವಳು. ಮುಳ್ಳಿನ ಲೆಕ್ಕ ಇಡಲು
ಅವಳೇನು ಕಂಪನಿಯ ಗುಮಾಸ್ತೆಯೇ?

ಒಣಗಿದ ಎಲೆಯ ಮೇಲೆ ತನ್ನಷ್ಟಕ್ಕೆ ಬಾಳುತ್ತಿದ್ದ
ಕಪ್ಪು ಬೂಷ್ಟು; ಮುಳ್ಳಿನ ತುದಿ ಹತ್ತಿ ಒಳಗೆ ಬಂತು.
ಹಗೆ ಏನಿಲ್ಲ ಅದಕ್ಕೆ. ಬೆಚ್ಚಗಿತ್ತು, ಉಳಿಯಿತು.
ಈಗ ಮೊಣಕಾಲ ಕೆಳಗೆಲ್ಲ ಹೂಕೋಸು.
ಸಂತೆಯಲ್ಲಿ ಯಾರಾದರೂ ಎದುರಾದರೆ
ಲಂಬದ ಸೆರಗು ತಾನಾಗಿ ಕೆಳಗಿಳಿಯುತ್ತದೆ.

ಅಂಬುವಾಸಾರಿಯ ದವಾಖಾನೆಯಲ್ಲಿ
ನಾನು ಮಾತ್ರೆ ಎಣಿಸುವವನು.
ಡಾಕ್ಟರ ಫ್ರೆಂಚನ್ನು ನಮ್ಮ ಬಾಯಿಗೆ ಇಳಿಸುವುದೂ ನನ್ನ ಪಾಲಿನದೇ.
ಹೇಳಿದೆ: ಅತ್ತೆ, ಬೂಷ್ಟಿಗೂ ಒಂದು ಗೋಡೆಯುಂಟು,
ಅದರ ಗಾರೆಗೆ ಅದರದೇ ಒಂದು ಕೊಬ್ಬು ಬೇಕು,
ನಮ್ಮ ಮೈಯ ಗೋಡೆಯದು ಬೇರೆ.
ಈ ಮಾತ್ರೆ ಹೋಗಿ
ಗಾರೆ ಕಲಸುವವನ ಕೈ ಹಿಡಿದುಕೊಳ್ಳುತ್ತದೆ, ಅಷ್ಟೆ.
ಗೋಡೆ ಸೋರುತ್ತದೆ. ಸೋರಿ ಸೋರಿ...
ಅದಕ್ಕೇ ವರ್ಷ ಹಿಡಿಯುತ್ತದೆ.

"ಕೇಳದೆ ಬಂದದ್ದು, ಹೇಳಿ ಹೋಗುತ್ತದೆಯೇ" ಅಂದಳು.

ಆಮೇಲೆ ಡಬ್ಬಿಯ ಮೇಲಿನದು ಓದಿದೆ:
ಹೊಟ್ಟೆತುಂಬ ಊಟದ ಜೊತೆಗೆ.
ಜಿಡ್ಡಿದ್ದರೆ ಒಳ್ಳೆಯದು.

ಅವಳು ನೋಡಿದಳು. ಸಿಟ್ಟಿನಿಂದಲ್ಲ,
ಇಲ್ಲದ ಊರಿಗೆ ದಾರಿ ಕೇಳಿದವನನ್ನು
ನೋಡುವ ಹಾಗೆ.
"ಯಾವ ಊಟ?"

ಹೊರಗೆ ಸೆಪ್ಟೆಂಬರು. ಮರಗೆಣಸು ತಳ ಕಂಡ ತಿಂಗಳು,
ಹುಣಸೆಗೆ ಬೂದಿ ಕಲಸಿ ಮಕ್ಕಳಿಗೆ ತಿನ್ನಿಸುವ ತಿಂಗಳು.
ಪೆನ್ನು ಕಿವಿಗೆ ಸಿಕ್ಕಿಸಿದೆ, ತೆಗೆದೆ, ಮತ್ತೆ ಸಿಕ್ಕಿಸಿದೆ.
ಕೊಬ್ಬಿಲ್ಲದೆ ಮೈಗೆ ಹತ್ತದ ಮದ್ದು
ಕೊಬ್ಬು ತಪ್ಪಿಸಲು ಹೋಗುತ್ತದೆ
ಕೊಬ್ಬೇ ಇಲ್ಲದ ಕಾಲಿಗೆ.
ಈ ಲೆಕ್ಕ ನನಗೆ ಯಾರೂ ಕಲಿಸಿರಲಿಲ್ಲ.

ತಿಂಗಳು ಕಳೆದು ಬಂದಾಗ
ಅವಳ ಮೈಗೆ ಹುಳಿಹಾಲಿನ ವಾಸನೆ.
ಪಕ್ಕದ ಹಟ್ಟಿಯಲ್ಲಿ ಒಂದು ಹಸು ಕರೆಯುತ್ತಿದೆಯಂತೆ.
ದಿನಕ್ಕೊಂದು ಬಟ್ಟಲು ಹಬೂಬು, ಗಟ್ಟಿ ಕೆನೆಯದು,
ಬದಲಿಗೆ ಅವರ ಕರುಗಳಿಗೆಲ್ಲ ಹಗ್ಗ.
"ಯಾವ ನಾರಿನದು?" ಕೇಳಬಾರದಿತ್ತು.
"ಇನ್ಯಾವುದು" ಎಂದು ನಕ್ಕಳು,
ಅಂಗೈ ತಿರುಗಿಸಿ ತೋರಿಸಿದಳು.

ಟೇಪು ಹಿಡಿದೆ. ಅರ್ಧ ಬೆರಳು ಕಡಿಮೆ.
ಅಥವಾ ಹೋದ ಸಲ ನನ್ನ ಕೈ ಸಡಿಲಿತ್ತೋ ಏನೋ.
ಅರ್ಧ ಬೆರಳು, ಎಂದೇ ಬರೆದುಕೊಂಡೆ.

ಅರವತ್ತು ಎಣಿಸಿ ಕೊಟ್ಟೆ.
ಬಾಗಿಲಲ್ಲಿ ನಿಂತು ಅವಳೂ ಎಣಿಸಿದಳು.